ಹದಿನೈದರ ಗೆರೆ: ಏಳು ಜನ, ಒಂದು ಗಾಡಿ, ಪೋಖರಾದವರೆಗೆ

ಖರಾಡಿ

ಪೋಖರಾಕ್ಕೆ ವಿಮಾನದಲ್ಲಿ ಹೋಗಿಬಂದವರು ಹಿಮಶಿಖರಗಳನ್ನು ಕುರಿತು ಬರೆಯುತ್ತಾರೆ. ಪುಣೆಯಿಂದ ಅಲ್ಲಿಯವರೆಗೆ ಏಳು ಆಸನದ ಡೀಸೆಲ್ ಗಾಡಿಯಲ್ಲಿ ಹೋಗಿಬಂದ ನಾನು ಮೊದಲು ಬರೆಯಬೇಕಾದದ್ದು ಆ ಗಾಡಿಯ ಟ್ಯಾಂಕಿನ ಮುಚ್ಚಳವನ್ನು ಕುರಿತು. ಶಿಖರಗಳು ನಾವು ಹೋಗುವ ಮೊದಲೂ ಅಲ್ಲಿದ್ದವು, ಈಗಲೂ ಇವೆ. ಗಾಡಿ ಮಾತ್ರ ನಮ್ಮ ಮನೆಯಲ್ಲಿ ಉಳಿಯುತ್ತದೆಯೋ ಇಲ್ಲವೋ ಎಂಬುದು ಆ ಪ್ರವಾಸದ ಮೇಲೆ ನಿಂತಿತ್ತು.

ನಾವು ಅಣ್ಣತಮ್ಮಂದಿರಿಬ್ಬರೂ ಪುಣೆಯ ಖರಾಡಿಯ ಒಂದೇ ವಸತಿ ಸಮುಚ್ಚಯದಲ್ಲಿ ಬೇರೆ ಬೇರೆ ಮನೆಗಳಲ್ಲಿದ್ದೇವೆ. ಅಣ್ಣ ವಸಂತ ತಳೇಗಾಂವದ ಕಾರ್ಖಾನೆಗೆ ಕಂಪನಿಯ ಬಸ್ಸಿನಲ್ಲಿ ಹೋಗುತ್ತಾನೆ. ನಾನು ಹಿಂಜವಾಡಿಯ ಕಚೇರಿಗೆ ಹಾಗೆಯೇ ಹೋಗುತ್ತೇನೆ. ಧಾರವಾಡದಿಂದ ಬಂದ ಅವ್ವ ಹದಿನೈದು ದಿನ ಅವನಲ್ಲಿ, ಹದಿನೈದು ದಿನ ನನ್ನಲ್ಲಿ. ನನ್ನ ಹೆಂಡತಿ ಮೇಧಾ, ಮಗಳು ಇರಾ, ಅಣ್ಣನ ಹೆಂಡತಿ ಶೈಲಾ ವೈನಿ, ಅವರ ಮಗ ಸಮೀರ ಸೇರಿದರೆ ಏಳು ಜನ. ಏಳು ಜನಕ್ಕೆಂದೇ ಆರು ವರ್ಷಗಳ ಹಿಂದೆ ಇಬ್ಬರೂ ಸೇರಿ ಆ ಗಾಡಿಯನ್ನು ಕೊಂಡಿದ್ದೆವು.

ಇತ್ತೀಚೆಗೆ ಅಣ್ಣನಿಗೆ ಅದರ ಮೇಲೆ ಮನಸ್ಸು ಮುರಿದಿತ್ತು.

"ಶ್ರೀಧರಾ, ಇದು ಗಾಡಿ ಅಲ್ಲೋ, ಆನಿ. ಸಿಗ್ನಲ್‌ನ್ಯಾಗ ಸುಮ್ನ ನಿಂತ್ರೂ ತಿಂತದ. ಒಂದು ಲೀಟರಿಗೆ ಹತ್ತು ಕಿಲೋಮೀಟರ್ ಕೊಡೂದಿಲ್ಲ. ಮಾರಿ ಬಿಡೂಣು. ನಿನಗೊಂದು, ನನಗೊಂದು ಸಣ್ಣ ಗಾಡಿ."

ತಳೇಗಾಂವದ ಅವನ ಸಹೋದ್ಯೋಗಿಯೊಬ್ಬರು ಗಾಡಿಯನ್ನು ಕೊಳ್ಳಲು ಸಿದ್ಧರಿದ್ದರು. ನಾನು ಒಪ್ಪಲಿಲ್ಲ. ಒಬ್ಬೊಬ್ಬನೇ ಕುಳಿತ ದೊಡ್ಡ ದೊಡ್ಡ ಗಾಡಿಗಳಿಂದ ನಮ್ಮ ನಗರದ ಉಸಿರು ಕಟ್ಟಿದೆ ಎಂದು ನಂಬಿದವನು ನಾನು. ನೆರೆಹೊರೆಯವರು ನಾಲ್ವರು ಒಂದು ಗಾಡಿಯಲ್ಲಿ ಕಚೇರಿಗೆ ಹೋಗೋಣವೆಂಬ ಠರಾವನ್ನು ನಮ್ಮ ಸೊಸೈಟಿಯ ಸಭೆಯಲ್ಲಿ ಮೂರು ಸಲ ಮಂಡಿಸಿ ಮೂರು ಸಲವೂ ಸೋತಿದ್ದೇನೆ. ತಪ್ಪು ದೊಡ್ಡ ಗಾಡಿಯದಲ್ಲ, ಅದನ್ನು ಖಾಲಿ ಓಡಿಸುವವರದು; ಏಳು ಜನ ಕುಳಿತಾಗ ಅದು ಎರಡು ಸಣ್ಣ ಗಾಡಿಗಳಿಗಿಂತ ಮಿತವ್ಯಯಿ, ಊರ ಹೊರಗೆ ನೆಟ್ಟಗೆ ಓಡಿಸಿದರೆ ಲೀಟರಿಗೆ ಹದಿನೈದು ಕಿಲೋಮೀಟರು ಕೊಟ್ಟೇ ಕೊಡುತ್ತದೆ ಎಂದು ವಾದಿಸಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗಳಿಸಿದ್ದ ಎಲ್ಲ ಬಲವನ್ನೂ ಆ ಊಟದ ಮೇಜಿನ ಮೇಲೆ ಸುರಿದೆ.

ಅಣ್ಣ ಮಜ್ಜಿಗೆಯನ್ನು ಮುಗಿಸಿ ಒಂದೇ ಮಾತು ಹೇಳಿದ. "ಹದಿನೈದು ಕೊಡ್ತು ಅಂದ್ರ ಇಟಗೊಳ್ಳೂಣು. ಹದಿನಾಕೂವರಿ ಬಂದ್ರೂ ಮಾರೂದು. ಕಬೂಲ್?"

"ಕಬೂಲ್."

ಅವ್ವ ಕೇಳಿದಳು: "ಎರಡು ಗಾಡಿ ಆದ್ರ ನಾ ಯಾವುದರಾಗ ಕೂಡ್ಲಿ?"



ಮೇ ತಿಂಗಳ ರಜೆಯ ಪ್ರವಾಸವೇ ಪರೀಕ್ಷೆಯಾಯಿತು. ಹೋಗಿಬರಲು ಸುಮಾರು ನಾಲ್ಕು ಸಾವಿರ ಕಿಲೋಮೀಟರು. ಅಳತೆಯ ಕ್ರಮವೂ ಸರಳ. ಮನೆಯ ಹತ್ತಿರದ ಪಂಪಿನಲ್ಲಿ ಟ್ಯಾಂಕನ್ನು ಕುತ್ತಿಗೆಯವರೆಗೆ ತುಂಬುವುದು. ದಾರಿಯಲ್ಲಿ ಹಾಕಿಸಿದ ಪ್ರತಿ ಲೀಟರನ್ನೂ ಬರೆದಿಡುವುದು. ಹಿಂದಿರುಗಿ ಅದೇ ಪಂಪಿನಲ್ಲಿ ಅದೇ ಕುತ್ತಿಗೆಯವರೆಗೆ ತುಂಬುವುದು. ಓಡಿದ ದೂರವನ್ನು ಒಟ್ಟು ಲೀಟರಿನಿಂದ ಭಾಗಿಸಿದರೆ ತೀರ್ಪು.

ಕುತ್ತಿಗೆಯವರೆಗೆ ಎಂಬ ಮಾತನ್ನು ಸ್ವಲ್ಪ ವಿವರಿಸಬೇಕು. ಡೀಸೆಲ್ ಮೇಲೆ ಬರುತ್ತಿದ್ದಂತೆ ಪಂಪಿನ ನಳಿಗೆ ತಾನೇ 'ಟಕ್' ಎಂದು ನಿಲ್ಲುತ್ತದೆ. ಗಾಡಿ ತಯಾರಿಸಿದವರು ಅಲ್ಲಿಗೆ ನಿಲ್ಲಿಸಿ ಎನ್ನುತ್ತಾರೆ. ನಮ್ಮ ಕಡೆ ಯಾರೂ ನಿಲ್ಲಿಸುವುದಿಲ್ಲ. ಪಂಪಿನವನು ಗಾಡಿಯನ್ನು ಅತ್ತಿತ್ತ ಅಲ್ಲಾಡಿಸಿ, ಗಾಳಿ ಹೊರಡಿಸಿ, ಹನಿಹನಿಯಾಗಿ ಇನ್ನೂ ಐದಾರು ಲೀಟರು ಇಳಿಸುತ್ತಾನೆ. ಹಾಗೆ ಇಳಿಸದಿದ್ದರೆ ಅಣ್ಣನಿಗೆ ಮೋಸ ಹೋದಂತೆ ಅನ್ನಿಸುತ್ತದೆ. ಹೊರಡುವ ಮುಂಜಾನೆ ಅವನು ಪಂಪಿನವನೊಡನೆ ಸೇರಿ ಗಾಡಿಯನ್ನು ತೊಟ್ಟಿಲಿನಂತೆ ತೂಗಿದ.

ಆಗ ಗಾಡಿಯ ನೆತ್ತಿಯ ಮೇಲೆ ಕಬ್ಬಿಣದ ಕ್ಯಾರಿಯರೂ, ಅದರ ಮೇಲೆ ವೈನಿಯ ಉಕ್ಕಿನ ಟ್ರಂಕೂ ಇದ್ದವು. ಟ್ರಂಕಿನಲ್ಲಿ ಖಡಕ್ ರೊಟ್ಟಿಯ ಕಟ್ಟುಗಳು, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಶೇಂಗಾ ಹೋಳಿಗೆ, ಚೂಡಾ. ಪರದೇಶದಲ್ಲಿ ಏನು ಸಿಗುತ್ತದೋ ಏನೋ ಎಂದು ಮೂರು ದಿನ ತಟ್ಟಿದ ರೊಟ್ಟಿ. ನೆತ್ತಿಯ ಮೇಲಿನ ಹೊರೆ ಗಾಳಿಯನ್ನು ತಡೆದು ಇಂಧನವನ್ನು ತಿನ್ನುತ್ತದೆಂದು ನನಗೆ ತಿಳಿದಿತ್ತು. ಆದರೆ ವೈನಿಯ ಬುತ್ತಿಯ ವಿರುದ್ಧ ವಾದ ಹೂಡುವಷ್ಟು ಧೈರ್ಯ ಸುಧಾರಕರಿಗೂ ಇರುವುದಿಲ್ಲ.

ಸುನೌಲಿ ಗಡಿ

ನಾಲ್ಕನೆಯ ದಿನ ಗಡಿ ತಲುಪಿದೆವು. ಸುಂಕದ ಕಚೇರಿಯನ್ನು ಅಲ್ಲಿ ಭನ್ಸಾರ್ ಎನ್ನುತ್ತಾರೆ. ಪರದೇಶದ ಗಾಡಿ ಎಷ್ಟು ದಿನ ಇರುತ್ತದೆಂದು ಅಲ್ಲಿ ಮೊದಲೇ ಹೇಳಿ, ಅಷ್ಟು ದಿನಕ್ಕೆ ಪರವಾನಗಿ ಪಡೆಯಬೇಕು. ಕಿಟಕಿಯ ಹಿಂದಿನ ಯುವತಿ ನಮ್ಮ ಕಾಗದಗಳನ್ನು ನೋಡಿ, ತಲೆ ಎತ್ತಿ ಕ್ಯಾರಿಯರನ್ನು ನೋಡಿ, ಟ್ರಂಕಿನಲ್ಲಿ ಏನಿದೆ ಎಂದು ಹಿಂದಿಯಲ್ಲಿ ಕೇಳಿದಳು.

"ರೋಟಿ," ಎಂದೆ.

"ಪೂರಾ?"

"ಪೂರಾ."

ಅವಳು ಎದ್ದು ಬಂದು ಮುಚ್ಚಳ ತೆಗೆಸಿ ನೋಡಿದಳು. ಎಳೆಬಿಸಿಲಿನಲ್ಲಿ ಬೆಳ್ಳಗೆ ಹೊಳೆಯುವ ರೊಟ್ಟಿಯ ಗೋಪುರ. ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು ಮುದ್ರೆ ಒತ್ತಿದಳು. ವೈನಿ ಉಳಿದ ದಾರಿಯುದ್ದಕ್ಕೂ ಆ ಮುದ್ರೆ ತಮ್ಮ ರೊಟ್ಟಿಗೆ ಸಿಕ್ಕಿದ್ದೆಂದೇ ಹೇಳಿಕೊಂಡರು.

ಗಡಿಯೆಂದರೆ ಒಂದು ಕಮಾನು. ದಾಟಿದೊಡನೆ ಗಡಿಯಾರವನ್ನು ಹದಿನೈದು ನಿಮಿಷ ಮುಂದಕ್ಕೆ ತಿರುಗಿಸಬೇಕು. ಅವ್ವ ಹಿಂದೆ ತಿರುಗಿ ನೋಡಿದಳು. "ಪರದೇಶ ಅಂದ್ರ ಇಷ್ಟ ಏನೋ? ನಮ್ಮ ಹಡಪಸರದ ಟ್ರಾಫಿಕ್ ದಾಟೂದು ಇದಕ್ಕಿಂತ ದೂರ."

ಅಲ್ಲಿಯವರೆಗಿನ ನಮ್ಮ ಸಾಧನೆ ಹೇಳಿಕೊಳ್ಳುವಂಥದಾಗಿರಲಿಲ್ಲ. ನಾಗಪುರದ ಹೆದ್ದಾರಿ ಖಾಲಿ ಕಂಡದ್ದೇ ಅಣ್ಣ ಗಾಡಿಯನ್ನು ನೂರಹತ್ತಕ್ಕೆ ಏರಿಸಿದ್ದ. ಸಾವಕಾಶ ಹೊಡೆಯೆಂದು ಹೇಳಲು ಬಾಯಿ ತೆರೆದೆ, ಮುಚ್ಚಿದೆ. ಅಣ್ಣ ಸ್ಟಿಯರಿಂಗ್ ಹಿಡಿದಾಗ ತಮ್ಮ ಬುದ್ಧಿ ಹೇಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಮೇಲಾಗಿ ನಾನು ಸೋತರೆ ಗಾಡಿ ಮಾರಲು ಸಿದ್ಧನಾದವನು ಅವನೇ.

ಪೋಖರಾ

ಬುಟವಲ್ ದಾಟಿದ ಮೇಲೆ ರಸ್ತೆ ಬೆಟ್ಟಕ್ಕೆ ಅಂಟಿಕೊಂಡು ಏರುತ್ತದೆ. ಆ ದಾರಿಯಲ್ಲಿ ನಾನು ಕಂಡ ಅತ್ಯುನ್ನತ ದೃಶ್ಯ ಬೆಟ್ಟಗಳದಲ್ಲ, ಜೀಪುಗಳದು. ಅಲ್ಲಿಯ ಬಾಡಿಗೆ ಜೀಪು ಕೊನೆಯ ಆಸನ ತುಂಬುವವರೆಗೆ ಕದಲುವುದಿಲ್ಲ. ವೈದ್ಯರು, ಕೋಳಿಯ ಬುಟ್ಟಿ ಹಿಡಿದ ಹೆಂಗಸು, ಶಾಲೆಯ ಮಾಸ್ತರರು, ಎಲ್ಲರೂ ಒಳಗೆ ಕುಳಿತು ಹದಿನಾಲ್ಕನೆಯವನಿಗಾಗಿ ಶಾಂತವಾಗಿ ಕಾಯುತ್ತಾರೆ. ಅವನು ಬಂದಾಗ ಯಾರೂ ಮುಖ ಗಂಟಿಕ್ಕುವುದಿಲ್ಲ. ಅವನು ಬಂದದ್ದರಿಂದಲೇ ಹೊರಡುವುದಾಯಿತೆಂದು ಜಾಗ ಮಾಡಿಕೊಡುತ್ತಾರೆ. ನಮ್ಮ ಸೊಸೈಟಿಯಲ್ಲಿ ಮೂರು ಸಲ ಸೋತ ನನ್ನ ಠರಾವು ಇಲ್ಲಿ ಯಾರೂ ಮಂಡಿಸದೆಯೇ ಜಾರಿಯಲ್ಲಿತ್ತು!

ಪೋಖರಾ ಸೇರಿದ ಸಂಜೆ ಡೀಸೆಲ್ ಹಾಕಿಸಲು ನಾನೊಬ್ಬನೇ ಹೋದೆ. ಪಂಪಿನಲ್ಲಿದ್ದ ಹೆಂಗಸು ನಳಿಗೆಯನ್ನು ಇಟ್ಟಳು, 'ಟಕ್' ಎಂದಿತು, ತೆಗೆದಳು. "ಪುಗ್ಯೊ, ಹಜುರ್." ಸಾಕು, ತುಂಬಿತು ಎಂದರ್ಥ. ಎಷ್ಟು ಚೊಕ್ಕ ಕೆಲಸ ಎಂದುಕೊಂಡೆ. ಗಾಡಿಯಲ್ಲಿ ಕುಳಿತು ಲೆಕ್ಕ ಹಾಕಿದೆ. ಕೊನೆಯ ಸಲ ಟ್ಯಾಂಕು ತುಂಬಿಸಿದ್ದ ಗೋರಖಪುರದಿಂದ ಅಲ್ಲಿಯವರೆಗೆ, ಆ ಏರುದಾರಿಯಲ್ಲಿ, ಲೀಟರಿಗೆ ಹದಿನೇಳೂವರೆ! ಒಟ್ಟು ಲೆಕ್ಕವೂ ಹದಿನೈದರ ಗೆರೆಯ ಹತ್ತಿರ ಬಂದು ತಾಗಿತ್ತು. ಇನ್ನು ಇಳಿಯುವ ದಾರಿ ಬಾಕಿ; ಗೆಲುವು ಅಂಗೈಯಲ್ಲಿತ್ತು.

ಮರುದಿನ ಫೇವಾ ಕೆರೆಯ ದಂಡೆಯಲ್ಲಿ ಉಳಿದ ಆರೂ ಜನರ ಮುಂದೆ ನಾನು ಮಾಡಿದ ಭಾಷಣ ಇಂದಿಗೂ ನನ್ನ ಕಿವಿ ಬಿಸಿ ಮಾಡುತ್ತದೆ. ತೆಳುಗಾಳಿಯಲ್ಲಿ ಎಂಜಿನ್ ಹೇಗೆ ಹದವಾಗುತ್ತದೆ, ಏರಿನಲ್ಲಿ ನಿಧಾನ ಹೋಗುವುದರಿಂದ ಹೇಗೆ ಉಳಿತಾಯವಾಗುತ್ತದೆ ಎಂದು ಸಿದ್ಧಾಂತವನ್ನೇ ಕಟ್ಟಿದೆ. ಮೇಧಾ ಮಾತ್ರ ಹುಬ್ಬೇರಿಸಿದಳು. "ಗುಡ್ಡ ಹತ್ತಿದ್ರ ಎವರೇಜ್ ಹೆಚ್ಚಾಗ್ತದೇನ್ರಿ? ನಾ ಎರಡನೇ ಮಾಳಿಗಿ ಹತ್ತಿದ್ರ ನನಗ ದಮ್ಮು ಹತ್ತತದ."

"ನೀನು ಎಂಜಿನ್ ಅಲ್ಲ," ಎಂದೆ.

"ಪುಣ್ಯ," ಎಂದಳು.

ಅಣ್ಣ ಶೇಂಗಾ ಹೋಳಿಗೆ ಮುರಿದು ಅರ್ಧ ನನ್ನ ಕೈಯಲ್ಲಿಟ್ಟ. "ಆತಪಾ, ನೀ ಗೆದ್ದಂಗ. ತಳೇಗಾಂವದಾವರಿಗೆ ಇಲ್ಲ ಅಂತ ಹೇಳ್ತೀನಿ." ಅಷ್ಟು ಸುಲಭವಾಗಿ ಸೋಲೊಪ್ಪಿದ ಅಣ್ಣನನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ನೀರಿನಲ್ಲಿ ಮಚ್ಛಾಪುಛ್ರೆಯ ಶಿಖರ ತಲೆಕೆಳಗಾಗಿ ನಿಂತಿತ್ತು. ಅದರಲ್ಲಿಯಾದರೂ ನಾನೊಂದು ಸೂಚನೆಯನ್ನು ಕಾಣಬಹುದಿತ್ತು.

ಪೋಖರಾ, ಹೊರಡುವ ಬೆಳಗು

ಹೊರಡುವ ಬೆಳಗ್ಗೆ ಅಣ್ಣನೂ ಪಂಪಿಗೆ ಬಂದ. ಬೇರೆ ಪಂಪು. ನಳಿಗೆ 'ಟಕ್' ಎಂದ ಮೇಲೆ ಅಲ್ಲಿಯವನು ತೆಗೆಯಹೋದ; ಅಣ್ಣ ಬಿಡಲಿಲ್ಲ. ಅಭ್ಯಾಸದಂತೆ ಗಾಡಿಯನ್ನು ಅಲ್ಲಾಡಿಸಿ ಕುತ್ತಿಗೆಯವರೆಗೆ ಇಳಿಸಿದ. ಅಂಕಿ ನೋಡಿದೆ: ಹನ್ನೊಂದು ಲೀಟರು. ಕೆರೆಯ ಸುತ್ತಮುತ್ತ ನಾವು ಓಡಿದ್ದು ಅರವತ್ತು ಕಿಲೋಮೀಟರು ಮಾತ್ರ.

ಅಣ್ಣ ಅಂಕಿಯನ್ನು ನೋಡಿರಲಿಲ್ಲ, ಮುಚ್ಚಳ ತಿರುಗಿಸುತ್ತಿದ್ದ. ನನಗೆ ಆ ಕ್ಷಣದಲ್ಲೇ ಎಲ್ಲ ಹೊಳೆಯಿತು. ಹಿಂದಿನ ಸಲ ಆ ಹೆಂಗಸು ಪ್ರಾಮಾಣಿಕವಾಗಿ ಮೊದಲ ಸದ್ದಿಗೇ ನಿಲ್ಲಿಸಿದ್ದಳು. ನಮ್ಮ ಟ್ಯಾಂಕು ನಮ್ಮ ಪದ್ಧತಿಯ ಪ್ರಕಾರ ಐದು ಲೀಟರು ಕಡಿಮೆ ತುಂಬಿತ್ತು. ಆ ಐದು ಲೀಟರನ್ನು ನಾನು ಉಳಿತಾಯವೆಂದು ಮೆರೆಸಿದ್ದೆ. ಹದಿನೇಳೂವರೆಯೂ ಸುಳ್ಳು, ತೆಳುಗಾಳಿಯ ಸಿದ್ಧಾಂತವೂ ಸುಳ್ಳು.

ಹೇಳದೆ ಇರಬಹುದಿತ್ತು. ಅಣ್ಣ ಸೋಲೊಪ್ಪಿಯಾಗಿತ್ತು, ಪುಣೆಯ ಕೊನೆಯ ಅಳತೆಯನ್ನು ಅವನು ಕೇಳುತ್ತಲೂ ಇರಲಿಲ್ಲವೇನೋ. ಆದರೆ ವಾದದಲ್ಲಿ ತನ್ನ ಪಕ್ಷಕ್ಕೆ ಹಾನಿ ಮಾಡುವ ಸಂಗತಿಯನ್ನು ಮುಚ್ಚಿಟ್ಟು ಗೆದ್ದವನು ಗೆದ್ದವನಲ್ಲ ಎಂದು ನಮಗೆ ಕಲಿಸಿದ ಗುರುಗಳಿದ್ದರು. ಆ ಪಾಠ ವೇದಿಕೆಯ ಮೇಲೆ ಸುಲಭ, ಪಂಪಿನ ಮುಂದೆ ಕಠಿಣ. ಹಿಂದಿನ ಕಿಟಕಿಯಲ್ಲಿ ಅವ್ವ ಕುಳಿತಿದ್ದಳು.

"ಅಣ್ಣಾ, ನನ್ನ ಲೆಕ್ಕ ತಪ್ಪು," ಎಂದೆ. ಪೂರ್ತಿ ವಿವರಿಸಿದೆ. ಎರಡು ಸಾವಿರ ಕಿಲೋಮೀಟರಿಗೆ ನೂರ ನಲವತ್ತೆರಡು ಲೀಟರು. ಹದಿನಾಲ್ಕನ್ನು ಸ್ವಲ್ಪ ಮೀರಿದೆ, ಅಷ್ಟೇ. ಹದಿನೈದರ ಗೆರೆ ಮುಟ್ಟಬೇಕಾದರೆ ಹಿಂದಿರುಗುವ ದಾರಿಯಲ್ಲಿ ಪ್ರತಿ ಲೀಟರಿಗೂ ಹದಿನಾರಕ್ಕಿಂತ ಹೆಚ್ಚು ಬೇಕು. ಅಂಥ ಸರಾಸರಿಯನ್ನು ಈ ಗಾಡಿ ಎಂದೂ ಕೊಟ್ಟಿಲ್ಲ.

ಅಣ್ಣ ಮುಚ್ಚಳವನ್ನು ಒರೆಸಿ ಬಿಗಿ ಮಾಡಿದ. ಆಮೇಲೆ ಹೇಳಿದ: "ನಾ ಅಂತೂ ಹೋಳಿಗಿ ಕೊಟ್ಟು ಮುಗಿಸಿದ್ದೆ. ಯಾಕ ಹೇಳಿದಿ?"

"ಖರೇ ಅಳತಿ ಆಗಬೇಕಲ್ಲ."

"ಹುಚ್ಚ ಇದ್ದೀ," ಎಂದು ಸ್ಟಿಯರಿಂಗಿಗೆ ಕುಳಿತ. ಗಾಡಿ ಹೊರಟು ಊರು ದಾಟಿದ ಮೇಲೆ, ರಸ್ತೆಯ ಮೇಲಿನ ಕಣ್ಣು ತೆಗೆಯದೆ ಕೇಳಿದ: "ಎಷ್ಟರಾಗ ಹೊಡದ್ರ ಹದಿನಾರು ಬರ್ತದ?"

"ಎಂಬತ್ತು ದಾಟಬಾರದು."

"ಮೊದಲ ಯಾಕ ಹೇಳ್ಲಿಲ್ಲ?"

"ನೀ ಅಣ್ಣ."

"ಹಂಗಾರ ಇಷ್ಟು ದಿವ್ಸ ಭಾಷಣ ಯಾರಿಗೆ ಮಾಡ್ತಿದ್ದಿ?" ಎಂದು ಅವನು ನಕ್ಕಾಗ ಹಿಂದಿನ ಆಸನದವರೆಲ್ಲ ನಕ್ಕರು. ಅಲ್ಲಿಂದ ವಾದಿ ಪ್ರತಿವಾದಿಗಳಿಬ್ಬರೂ ಒಂದೇ ಪಕ್ಷವಾದೆವು.

ತಾನ್ಸೇನ್ ಇಳಿಜಾರು

ತಾನ್ಸೇನ್ ದಾಟಿ ಕೆಳಗಿಳಿಯುವಾಗ ಗುಡ್ಡ ಜಾರಿ ರಸ್ತೆ ಮುಚ್ಚಿತ್ತು. ಮಣ್ಣು ತೆಗೆಯುವ ಯಂತ್ರ ಬರಲು ನಾಲ್ಕು ತಾಸು ಹಿಡಿಯಿತು. ನಮ್ಮಲ್ಲಿ ಇಂಥ ಹೊತ್ತಿನಲ್ಲಿ ಹಾರ್ನುಗಳು ಒಂದೇ ಸಮನೆ ಅರಚುತ್ತವೆ, ಎದುರು ಬರುವವರ ಸಾಲಿಗೂ ಗಾಡಿ ನುಗ್ಗಿಸುತ್ತೇವೆ. ಅಲ್ಲಿ ಎಲ್ಲರೂ ಎಂಜಿನ್ ಬಂದ್ ಮಾಡಿ ಇಳಿದರು. ಕಣಿವೆಯಲ್ಲಿ ಹಕ್ಕಿಯ ದನಿ ಕೇಳಿಸಿತು. ನಾವೂ ಬಂದ್ ಮಾಡಿದೆವು, ಎ.ಸಿ.ಗಾಗಿ ಗಾಡಿ ಚಾಲೂ ಇಡುವ ಆಸೆಯನ್ನು ಅಣ್ಣನೇ ಕೈಬಿಟ್ಟ.

ನಮ್ಮ ಹಿಂದೆ ತುಂಬಿದ ಜೀಪೊಂದು ನಿಂತಿತ್ತು. ಮಧ್ಯಾಹ್ನವಾಗುತ್ತಿದ್ದಂತೆ ಅದರೊಳಗಿನ ಮಕ್ಕಳು ಹಸಿವಿನಿಂದ ಅಳತೊಡಗಿದರು. ಹತ್ತಿರದಲ್ಲಿ ಅಂಗಡಿ ಇರಲಿಲ್ಲ. ಅವ್ವ ಮೇಲಕ್ಕೆ ಕೈ ತೋರಿದಳು. "ಶೈಲಾ, ತಗೀ ಅದನ್ನ."

"ಅತ್ತಿ, ಹಾದಿಗೆ ಬೇಕಲ್ಲ?"

"ಬಂದಾಗಿಂದ ಧಾಬಾದಾಗ ಉಣ್ಣಲಿಕ್ಕತ್ತೇವಿ. ಇದೂ ನಮ್ಮಂಗ ಊರು ನೋಡ್ಲಿಕ್ಕೆ ಬಂದದೇನು?"

ವೈನಿ ಸೆರಗು ಬಿಗಿದು ನಿಂತರು. ಟ್ರಂಕು ಇಳಿಯಿತು. ರಸ್ತೆಯ ಬದಿಯಲ್ಲಿ ಚಾದರ ಹಾಸಿ ಹದಿನಾಲ್ಕು ಜನ ಅಪರಿಚಿತರಿಗೆ ರೊಟ್ಟಿ, ಚಟ್ನಿಪುಡಿ ಬಡಿಸಿದೆವು. ಎಣ್ಣೆ ಕಲಸಿದ ಗುರೆಳ್ಳು ಪುಡಿಯನ್ನು ಬೆರಳಿಗೆ ಹಚ್ಚಿ ನೋಡಿದ ಮುದುಕಿಯೊಬ್ಬಳು ಕಣ್ಣರಳಿಸಿ ನೇಪಾಳಿಯಲ್ಲಿ ಏನೋ ಹೇಳಿದಳು. ಜೀಪಿನ ಚಾಲಕ ಹಿಂದಿಯಲ್ಲಿ ತಿಳಿಸಿದ: ಅವಳ ತವರಿನಲ್ಲಿಯೂ ಇಂಥದೇ ಕಪ್ಪು ಎಳ್ಳಿನ ಪುಡಿ ಮಾಡುತ್ತಾರಂತೆ. ವೈನಿ ಇಡೀ ಡಬ್ಬಿಯನ್ನೇ ಅವಳ ಮಡಿಲಲ್ಲಿಟ್ಟರು. ಖಾಲಿಯಾದ ಟ್ರಂಕನ್ನೂ ಅವಳಿಗೇ ಕೊಟ್ಟುಬಿಟ್ಟರು. ಮೂರು ದಿನದ ದುಡಿಮೆ ಅರ್ಧ ತಾಸಿನಲ್ಲಿ ಮುಗಿದದ್ದಕ್ಕೆ ಅವರ ಮುಖ ಬಾಡಲಿಲ್ಲ, ಬೆಳಗಿತು.

ಆ ಚಾಲಕನನ್ನು ಎಲ್ಲರೂ ದಾಜು, ಅಂದರೆ ಅಣ್ಣ ಎಂದು ಕರೆಯುತ್ತಿದ್ದರು. ಉಂಡು ಕೈತೊಳೆದು ಅವನು ನಮ್ಮ ಗಾಡಿಯನ್ನು ಸುತ್ತಿ ಬಂದ. ಬರಿದಾದ ಕ್ಯಾರಿಯರನ್ನು ತಟ್ಟಿದ. "ಸಾಹಬ್, ಯೇ ಹವಾ ರೋಕ್ತಾ ಹೈ, ತೇಲ್ ಪೀತಾ ಹೈ." ಗಾಳಿ ತಡೆಯುತ್ತದೆ, ಎಣ್ಣೆ ಕುಡಿಯುತ್ತದೆ.

ನಾನು ಮದುವೆಯಾದಾಗಿನಿಂದ ಮನೆಯಲ್ಲಿ ಹೇಳಲಾರದೆ ಇದ್ದ ಅನೇಕ ಮಾತುಗಳನ್ನು ಹೀಗೆ ಯಾರಾದರೂ ನನ್ನ ಪರವಾಗಿ ಹೇಳಿದ್ದರೆ! ಅಣ್ಣ ನನ್ನತ್ತ ನೋಡಿದ, ನಾನು ವೈನಿಯತ್ತ ನೋಡಿದೆ, ವೈನಿ ಹೇಳಿದರು, "ನನ್ನ ಮುಖ ಯಾಕ ನೋಡ್ತೀರಿ? ಬಿಚ್ಚಸ್ರಿ!" ದಾಜು ಪಾನಾ ತಂದು ಹತ್ತು ನಿಮಿಷದಲ್ಲಿ ಕ್ಯಾರಿಯರನ್ನು ಬಿಚ್ಚಿದ. ಅವನ ಜೀಪಿನ ಕ್ಯಾರಿಯರು ಒಂದು ಕಡೆ ತುಕ್ಕು ತಿಂದು ಜೋಲುತ್ತಿತ್ತು. ನಮ್ಮದು ಅಲ್ಲಿಗೆ ಹೋಯಿತು. ಅಷ್ಟೇ ಅಲ್ಲ, ಅವನು ನಮ್ಮ ಟೈರುಗಳನ್ನು ಒತ್ತಿ ನೋಡಿ, ಗಾಳಿ ಇಳಿದಿದೆ, ಬುಟವಲ್‌ನಲ್ಲಿ ತುಂಬಿಸಿಕೊಳ್ಳಿ ಎಂದ. ಹೊರಟಾಗಿನಿಂದ ನಾವಿಬ್ಬರೂ ಪದವೀಧರರು ಒಮ್ಮೆಯೂ ಅದನ್ನು ನೋಡಿರಲಿಲ್ಲ.

ಹಿಂದಿರುಗುವ ದಾರಿ

ಬುಟವಲ್‌ನಲ್ಲಿ ಗಾಳಿ ತುಂಬಿಸಿದೆವು. ಆಮೇಲಿನ ದಿನಗಳಲ್ಲಿ ಹೇಳಲು ಹೆಚ್ಚಿಲ್ಲ. ಸ್ಪೀಡೋಮೀಟರಿನ ಮುಳ್ಳು ಎಂಬತ್ತನ್ನು ದಾಟಲಿಲ್ಲ. ಅಣ್ಣ ಮುಂದಿನ ಸಿಗ್ನಲ್ಲನ್ನು ದೂರದಿಂದಲೇ ಕಂಡು ಕಾಲು ಎತ್ತುತ್ತಿದ್ದ; ಇಳಿಜಾರಿನಲ್ಲಿ ಗಾಡಿಯನ್ನು ಅದರ ಪಾಡಿಗೆ ಬಿಡುತ್ತಿದ್ದ, ಗೇರು ಮಾತ್ರ ತೆಗೆಯುತ್ತಿರಲಿಲ್ಲ. ಜಬಲಪುರದ ಆಚೆ ಸಮೀರ ಕೂಗಿದ: "ಅಪ್ಪಾ, ಟೆಂಪೋ ಓವರ್‌ಟೇಕ್ ಮಾಡ್ತು!"

"ಮಾಡ್ಲಿ. ಅದಕ್ಕ ಹದಿನೈದರ ಗೆರಿ ಇಲ್ಲ."

ಅವ್ವ ಹೇಳಿದಳು, "ಹೋಗುವಾಗ ಬರೇ ಗಿಡ ಓಡೂದು ಕಾಣ್ತಿತ್ತು. ಈಗ ಯಾವ ಗಿಡ ಅಂತ ತಿಳೀತದ."

ಮತ್ತೆ ಖರಾಡಿ

ಕೊನೆಯ ದಿನ ಇಳಿಹೊತ್ತಿಗೆ ನಮ್ಮ ಪಂಪಿಗೆ ಬಂದೆವು. ಮೂರು ಸಾವಿರದ ಒಂಬೈನೂರು ಕಿಲೋಮೀಟರು. ಹದಿನೈದರ ಪ್ರಕಾರ ನಮಗಿದ್ದ ಅವಕಾಶ ಇನ್ನೂರ ಅರವತ್ತು ಲೀಟರು. ಅದುವರೆಗೆ ಹಾಕಿಸಿದ್ದು ಇನ್ನೂರ ಹದಿನಾಲ್ಕು. ಈಗ ನಲವತ್ತಾರರೊಳಗೆ ಟ್ಯಾಂಕು ಕುತ್ತಿಗೆಯವರೆಗೆ ತುಂಬಿದರೆ ಗಾಡಿ ನಮ್ಮದು. ನಲವತ್ತಾರು ದಾಟಿದರೆ ತಳೇಗಾಂವದವರದು.

ಅದೃಷ್ಟಕ್ಕೆ ಅದೇ ಪಂಪಿನವನಿದ್ದ. ಏಳೂ ಜನ ಅಂಕಿಯ ಮುಂದೆ ನಿಂತೆವು, ಅವ್ವ ಮಾತ್ರ ಕಿಟಕಿಯಿಂದ. ಮೂವತ್ತು. ಮೂವತ್ತೆಂಟು. ನಲವತ್ತೆರಡಕ್ಕೆ 'ಟಕ್' ಎಂದಿತು.

ಇರಾ ಚಪ್ಪಾಳೆಗೆ ಕೈ ಎತ್ತಿದಳು. ಅಣ್ಣ ತಡೆದ. "ಇನ್ನೂ ಆಗಿಲ್ಲ. ಹೋಗುವಾಗ ಹೆಂಗ ತುಂಬಿತ್ತೋ ಹಂಗ ತುಂಬಬೇಕು." ತಾನೇ ಹಿಂದಕ್ಕೆ ಹೋಗಿ ಗಾಡಿಯನ್ನು ಅಲ್ಲಾಡಿಸತೊಡಗಿದ. ಗಾಡಿ ಉಳಿಯಬೇಕೆಂದು ಐದು ದಿನ ಟೆಂಪೋಗಳಿಗೆ ದಾರಿ ಬಿಟ್ಟವನು ಈಗ ಸೋಲು ತರಬಲ್ಲ ಪ್ರತಿ ಹನಿಯನ್ನೂ ತನ್ನ ಕೈಯಿಂದಲೇ ಒಳಗೆ ಇಳಿಸುತ್ತಿದ್ದ. ಪೋಖರಾದಲ್ಲಿ ನಾನು ತೋರಿದ ಪ್ರಾಮಾಣಿಕತೆಗೆ ಅದು ಅವನ ಉತ್ತರವೆಂದು ನನಗೆ ಅರ್ಥವಾಯಿತು. ನಾನೂ ಹೋಗಿ ಹೆಗಲು ಕೊಟ್ಟೆ.

ನಲವತ್ತಮೂರು. ನಲವತ್ತಮೂರೂವರೆ.

"ಸಾಹೇಬ, ಅಜೂನ್ ಬಸ್ತಂಯ," ಎಂದ ಪಂಪಿನವನು. ಇನ್ನೂ ಹಿಡಿಯುತ್ತದಂತೆ.

ನಲವತ್ತನಾಲ್ಕು. ನೊರೆ ಮೇಲೆ ಬಂತು, ಇಳಿಯಿತು. ವೈನಿ ಕಣ್ಣು ಮುಚ್ಚಿದ್ದರು. ಮೇಧಾ ನನ್ನ ತೋಳು ಹಿಡಿದಿದ್ದಳು. ನಲವತ್ತನಾಲ್ಕೂವರೆ. ಮತ್ತೆ ಅಲ್ಲಾಡಿಸಿದೆವು. ನಲವತ್ತನಾಲ್ಕೂ ಮುಕ್ಕಾಲು ದಾಟಿದ ಕೂಡಲೆ ಡೀಸೆಲ್ ಕುತ್ತಿಗೆಯ ಅಂಚಿಗೆ ಬಂದು ಕನ್ನಡಿಯಂತೆ ನಿಂತಿತು.

"ಝಾಲಂ, ಸಾಹೇಬ. ಫುಲ್."

ಇನ್ನೂರ ಐವತ್ತೊಂಬತ್ತು ಲೀಟರಿಗೂ ಸ್ವಲ್ಪ ಕಡಿಮೆ. ಹದಿನೈದರ ಗೆರೆಯನ್ನು ದಾಟಿದ್ದೆವು. ಕೂದಲೆಳೆಯಷ್ಟೇ, ಆದರೆ ದಾಟಿದ್ದೆವು! ಇರಾ, ಸಮೀರ ಕುಣಿದಾಡಿದರು. ಏನೂ ತಿಳಿಯದ ಪಂಪಿನವನೂ ನಕ್ಕು ಅಣ್ಣನಿಗೆ ಕೈ ಕೊಟ್ಟ. ಅಣ್ಣ ಆ ಕೈಯಲ್ಲೇ ಫೋನು ತೆಗೆದು, ಎಲ್ಲರ ಎದುರಿಗೇ ತಳೇಗಾಂವದವರಿಗೆ ಹಚ್ಚಿದ.

"ಗಾಡೀ ವಿಕಾಯಚೀ ನಾಹೀ." ಮಾರುವುದಿಲ್ಲ ಎಂದು ಹೇಳಿ, ಅವರು ಯಾಕೆಂದು ಕೇಳಿದ್ದಕ್ಕೆ ನನ್ನತ್ತ ತಿರುಗಿ ಕಣ್ಣು ಮಿಟುಕಿಸಿದ. "ಆತಾ ಪರವಡತೆ." ಈಗ ಗಿಟ್ಟುತ್ತದೆ.

ಮುಂದಿನ ತಿಂಗಳು ಸೊಸೈಟಿಯ ಸಭೆಯಲ್ಲಿ ನನ್ನ ಠರಾವು ನಾಲ್ಕನೆಯ ಸಲ ಬರಲಿದೆ. ಅನುಮೋದಿಸುವವನ ಹೆಸರಿನ ಜಾಗದಲ್ಲಿ ಅಣ್ಣ ಈಗಲೇ ಸಹಿ ಹಾಕಿದ್ದಾನೆ.

ಮನೆ ಸೇರಿ ಸಾಮಾನು ಇಳಿಸಿದೆವು. ಅವ್ವ ಇಳಿದು ಹೋದ ಮೇಲೆ ನೋಡಿದೆ, ನಡುವಿನ ಆಸನದಲ್ಲಿ, ಕಿಟಕಿಯ ಪಕ್ಕ, ಅವಳ ಶಾಲು ಮಡಚಿದಂತೆಯೇ ಉಳಿದಿತ್ತು. ಎತ್ತಿಕೊಂಡು ಲಿಫ್ಟಿನ ಬಳಿ ಕೊಡಹೋದೆ.

"ಅದನ್ಯಾಕ ತಂದಿ?" ಎಂದಳು. "ಅಲ್ಲೇ ಇಡು. ಅದು ನನ್ನ ಸೀಟು."